ತಪ್ಪಿಗೊಂದು ಬಾಣ

ಸೀಮೆಸುಣ್ಣ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿದೆ, ಹೆಬ್ಬೆರಳಿನಿಂದ ಕೆರೆದರೆ ಈ ಉಗುರಿನಿಂದ ಆ ಉಗುರಿಗೆ ಹೋಗುತ್ತದೆಯೇ ಹೊರತು ಬಿಡುವುದಿಲ್ಲ, ಇರಲಿ ಬಿಡು, ಮನೆಗೆ ಹೋಗಿ ಕೈ ತೊಳೆದುಕೊಂಡ ಮೇಲೆ ಮತ್ತೆ ಇದು ನನ್ನ ಕೈಗೆ ಹತ್ತುತ್ತದೋ ಇಲ್ಲವೋ ಯಾರಿಗೆ ಗೊತ್ತು — ಯಾರಿಗೆ ಗೊತ್ತು ಅಂದರೆ, ಈ ಮುಚ್ಚಿದ ಬಾಗಿಲಿನ ಆಚೆ ಕೂತಿರುವ ಇಬ್ಬರಿಗೆ ಗೊತ್ತು, ಅಥವಾ ಅವರಿಗೂ ಇನ್ನೂ ಗೊತ್ತಾಗಿಲ್ಲ, ಅದಕ್ಕೇ ಇಷ್ಟು ಹೊತ್ತು. ಕನ್ನಡಕದ ಮೇಡಂ ಮಾತಾಡುತ್ತಿದ್ದಾರೆ, ತರಬೇತಿ ಕಾಲೇಜಿನಿಂದ ನನ್ನ ಪಾಠ ನೋಡಲು ಬಂದವರು, ಅವರ ಮಾತಿನ ಮಧ್ಯೆ ದೊಡ್ಡ ಟೀಚರ್ ಹೂಂ ಹೂಂ ಅನ್ನುತ್ತಾರೆ, ಈ ತರಬೇತಿ ಅವಧಿಯಿಡೀ ನನ್ನನ್ನು ತಮ್ಮ ಒಂದನೇ ತರಗತಿಯಲ್ಲಿ ಸಹಿಸಿಕೊಂಡವರು, ಮಕ್ಕಳು ದೊಡ್ಡ ಟೀಚರ್ ಅನ್ನುವುದು ಅವರು ಹಿರಿಯರೆಂದು ಅಷ್ಟೇ, ಎದ್ದು ನಿಂತರೆ ನನ್ನ ಭುಜಕ್ಕೂ ಬರುವುದಿಲ್ಲ, ಆ ಲೆಕ್ಕದಲ್ಲಿ ನಾನು ಚಿಕ್ಕ ಟೀಚರ್, ಬಸ್ಸಿನಲ್ಲಿ ತಲೆ ಬಗ್ಗಿಸಿ ನಿಲ್ಲುವ ಚಿಕ್ಕ ಟೀಚರ್. ಕೂತ ಬೆಂಚೂ ಮಕ್ಕಳದ್ದು, ಮೊಣಕಾಲು ಗಲ್ಲಕ್ಕೆ ಬರುತ್ತಿದೆ, ಯಾರಾದರೂ ನೋಡಿದರೆ ಕಿಟಕಿ ಗಾಜು ಒಡೆದು ಸಿಕ್ಕಿಬಿದ್ದು ಶಿಕ್ಷೆಗೆ ಕೂತಿದ್ದಾಳೆ ಅಂದುಕೊಳ್ಳಬೇಕು, ನಲವತ್ತು ದಾಟಿದ ಮೇಲೆ ಇದೂ ಒಂದು ಸುಖ. ಬೆನ್ನ ಹಿಂದಿನ ಕಿಟಕಿಯಿಂದ ತರಗತಿಯ ಗುಜುಗುಜು ಕೇಳುತ್ತಿದೆ, ನನ್ನ ತರಗತಿ, ನನ್ನ ಅನ್ನಬಾರದು, ಇನ್ನೂ ಆಗಿಲ್ಲ, ಆಯಮ್ಮ ಮುಂದೆ ಕೂತು ಕಾಯುತ್ತಿದ್ದಾರೆ, ಉಳಿದ ಲೆಕ್ಕ ಮಾಡಿ ಮುಗಿಸಿ ಅಂತ ಮಕ್ಕಳಿಗೆ ಹೇಳಿ ಬಂದಿದ್ದೇನೆ. ಇದು ಎರಡನೇ ಸಲ, ಎರಡನೇ ಸಲ ಅಂದರೆ ಕೊನೇ ಸಲ, ಹೋದ ಅವಧಿಯಲ್ಲಿ ಬೇರೊಂದು ಶಾಲೆಯಲ್ಲಿ ಇದೇ ಮೇಡಂ ನನ್ನನ್ನು ಫೇಲ್ ಮಾಡಿದ್ದರು, ಈ ಸಲವೂ ಆಗಲಿಲ್ಲ ಅಂದರೆ ಮೂರನೆಯದು ಅನ್ನುವುದೇ ಇಲ್ಲ, ಟೀಚರಾಗುವ ಆಸೆಗೆ ಎಳ್ಳುನೀರು ಬಿಟ್ಟು ಬಸ್ಸು ಹತ್ತುವುದು, ಅಷ್ಟೇ.

ಈ ಸಲ ಎಷ್ಟು ದಿನ — ಅಣ್ಣ ಕೇಳಿದ್ದು, ಕಾಲೇಜಿಗೆ ಸೇರುತ್ತೇನೆ ಅಂತ ಹೇಳಿದ ದಿನ, ತಟ್ಟೆಯಿಂದ ತಲೆಯನ್ನೂ ಎತ್ತದೆ, ನಾನು ಯಾವ ಕೆಲಸಕ್ಕೆ ಸೇರಿದಾಗಲೂ ಅವನದು ಅದೊಂದೇ ಪ್ರಶ್ನೆ, ಅಮ್ಮ ಪಕ್ಕದಲ್ಲಿ ನಿಂತು ಬಡಿಸುತ್ತಾ, ನಿನ್ನ ಕಾಲಲ್ಲಿ ಚಕ್ರ ಇದೆ ಕಣೇ, ಒಂದು ಕಡೆ ನಿಲ್ಲೋ ಜೀವವೇ ಅಲ್ಲ ನಿಂದು. ಸುಳ್ಳೇನಲ್ಲ. ಮೊದಲು ಫೋಟೋ ಸ್ಟುಡಿಯೋ, ಕಾಲೇಜು ಅರ್ಧಕ್ಕೆ ಬಿಟ್ಟಾಗ, ಅಲ್ಲಿ ನನ್ನ ಕೆಲಸ ಕ್ಯಾಮೆರಾದ ಪಕ್ಕ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸುವುದು, ಅಳುವ ಕೂಸುಗಳು ಈ ಕಡೆ ನೋಡಲಿ ಅಂತ, ನೋಡು ನೋಡು ನೋಡು ಪುಟ್ಟಾ, ಕ್ಲಿಕ್, ಆಯಿತು, ಮುಂದಿನವರು. ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂದಮೇಲೆ ಸ್ಟುಡಿಯೋದವನು ಅದೇ ಗೊಂಚಲಿನಿಂದ ಷಟರ್ ಎಳೆದು ಬೀಗ ಹಾಕಿದ, ನಾನು ಮಾರನೇ ದಿನವೇ ಹಲ್ಲಿನ ಡಾಕ್ಟರ ಹತ್ತಿರ, ಹೊರಗೆ ಮೇಜು ಹಾಕಿಕೊಂಡು ಬಂದವರನ್ನು ಕೂರಿಸುವುದು, ಚಿಕ್ಕವರು ಬಂದರೆ ಒಳಗೆ ಹೋಗಿ ಕೈ ಹಿಡಿದುಕೊಂಡು ನಿಲ್ಲುವುದು, ಎಂಥಾ ಹಿಡಿತ ಆ ಮಕ್ಕಳದು ಅಂತೀರಿ, ಮುಂಗೈಯಲ್ಲಿ ಉಗುರು ಮೂಡುತ್ತಿತ್ತು, ಡಾಕ್ಟರು ನಗುತ್ತಿದ್ದರು, ನೋವು ಅವರಿಗೋ ನಿಮಗೋ ಅಂತ. ಆಮೇಲೆ ಡಾಕ್ಟರ ನಾದಿನಿಗೆ ಕೆಲಸ ಬೇಕಾಯಿತು, ನನ್ನ ಕುರ್ಚಿಯೇ ಬೇಕಾಯಿತು, ಸರಿ ಅಂತ ಎದ್ದು ಬಂದೆ. ಎದ್ದು ಬಂದೆ ಅಂದರೆ ನಿಜವಾಗಿಯೂ ಎದ್ದು ಬಂದೆ, ಚೀಲ ಹೆಗಲಿಗೆ ಹಾಕಿದೆ, ಚಪ್ಪಲಿ ಮೆಟ್ಟಿದೆ, ತಿರುಗಿ ನೋಡಲಿಲ್ಲ, ದಾರಿಯಲ್ಲಿ ನಿಂತು ಹೂಕೋಸು ಆರಿಸಿ ತಂದೆ, ಬೇಜಾರೇ ಆಗಲಿಲ್ವಾ ಅಂತ ಇವರು ಕೇಳಿದರೆ ಯಾತಕ್ಕೆ ಅಂದೆ. ಇವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ಸೇರಿದ ದಿನದಿಂದ ಅದೇ ಡಿಪೋ, ಬಸ್ಸಿನ ಅಡಿಗೆ ಇಳಿದು ರಿಪೇರಿ ಮಾಡುವ ಅದೇ ಗುಂಡಿ, ಗುಂಡಿಯ ಮೇಲೆ ಬರುವ ಬಸ್ಸು ಬದಲಾಗುತ್ತದೆ ಅಷ್ಟೇ, ಇಂಥವರಿಗೆ ನಾನು ಹೆಂಡತಿ, ಪಾಪ, ಒಂದು ದಿನವೂ ಯಾಕೆ ಬಿಟ್ಟೆ ಅಂತ ಕೇಳಲಿಲ್ಲ, ಮುಂದೇನು ಅಂತ ಮಾತ್ರ ಕೇಳುತ್ತಿದ್ದರು, ಅದೂ ಟೀ ಲೋಟ ಕೈಗೆ ಬಂದಮೇಲೆ.

ಮುಂದೇನು ಅಂದರೆ ಬಟ್ಟೆ ಫ್ಯಾಕ್ಟರಿ, ನಾನು ಜಾಸ್ತಿ ವರ್ಷ ನಿಂತಿದ್ದು ಅಲ್ಲೇ, ಚೆಕರ್ ಆಗಿ. ಹೊಲಿಯುವವರ ಸಾಲಿನ ಹಿಂದೆ ನಡೆಯುವುದು ಚೆಕರ್‌ ಕೆಲಸ, ಹಿಂದೆ, ಯಾವತ್ತೂ ಮುಂದೆ ಅಲ್ಲ, ಮುಂದೆ ನಿಂತರೆ ಹೊಲಿಯುವವರಿಗೆ ಹೆದರಿಕೆಯಾಗಿ ಕೈ ತಪ್ಪುತ್ತದೆ, ಭುಜದ ಮೇಲಿಂದ ಬಗ್ಗಿ ನೋಡಬೇಕು, ಉದ್ದ ಇದ್ದೀಯಲ್ಲ, ಒಳ್ಳೇದೇ ಆಯ್ತು ಅಂದಿದ್ದರು ಸೂಪರ್‌ವೈಸರ್. ಸೊಟ್ಟ ಹೊಲಿಗೆ, ಬಿಟ್ಟುಹೋದ ಗುಂಡಿ, ಎಣ್ಣೆ ಕಲೆ, ಸಿಕ್ಕಿದ ಕಡೆ ಒಂದು ಕೆಂಪು ಬಾಣ ಅಂಟಿಸುವುದು, ಸುರುಳಿಯಲ್ಲಿ ಬರುತ್ತಿತ್ತು ಆ ಬಾಣ, ಕಿರುಬೆರಳಿನ ಉಗುರಿನಷ್ಟು, ಬಾಣ ಬಿದ್ದ ಅಂಗಿ ವಾಪಸ್ಸು, ಬೀಳದ್ದು ಮುಂದಕ್ಕೆ, ಸಾಯಂಕಾಲ ಕಣ್ಣು ಮುಚ್ಚಿದರೂ ಬಾಣ, ಅತ್ತೆ ಹೊಸ ಸೀರೆ ಉಟ್ಟು ಬಂದರೆ ನನ್ನ ಕಣ್ಣು ಹೋಗುತ್ತಿದ್ದುದು ಅಂಚಿನಲ್ಲಿ ಎದ್ದ ಒಂದು ಎಳೆಗೆ, ಹೇಳಿಯೂ ಬಿಡುತ್ತಿದ್ದೆ, ಮನೆಯಲ್ಲಿ ಆ ದಿನ ಯಾರ ಮುಖವೂ ನೆಟ್ಟಗಿರುತ್ತಿರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಫ್ಯಾಕ್ಟರಿಯ ಮಕ್ಕಳ ಕೋಣೆಯ ಆಯಾ ಬಂದಿರಲಿಲ್ಲ, ಹೊಲಿಯುವವರ ಪುಟ್ಟ ಮಕ್ಕಳೆಲ್ಲ ಬಾಗಿಲಲ್ಲಿ ನಿಂತು ರಾಗ ಎಳೆಯುತ್ತಿವೆ, ಸೂಪರ್‌ವೈಸರ್ ಸಾಲಿನ ಮೇಲೆ ಕಣ್ಣಾಡಿಸಿ ನನ್ನನ್ನು ಕರೆದರು, ನೀನು ಹೋಗಮ್ಮ, ಇವತ್ತೊಂದು ದಿನ. ಹೋದೆ. ಏನು ಮಾಡಬೇಕೋ ಗೊತ್ತಾಗಲಿಲ್ಲ, ಜೇಬಿನಲ್ಲಿದ್ದ ಗುಂಡಿಗಳನ್ನು ನೆಲದ ಮೇಲೆ ಸುರಿದೆ, ದೊಡ್ಡವು ಒಂದು ಕಡೆ ಚಿಕ್ಕವು ಒಂದು ಕಡೆ ಇಡ್ರೋ ನೋಡೋಣ ಅಂದೆ, ರಾಗ ನಿಂತುಹೋಯಿತು, ಒಬ್ಬಳು ನಾಲ್ಕು ತೂತಿನವು ಬೇರೆ ಎರಡು ತೂತಿನವು ಬೇರೆ ಇಟ್ಟು, ಇದು ಇವ್ರ ಮನೆ, ಇದು ಅವ್ರ ಮನೆ ಅಂದಳು, ನಾನು ಹೇಳಿಯೇ ಇರಲಿಲ್ಲ ಅದನ್ನು, ಅವಳೇ ಕಂಡುಕೊಂಡಿದ್ದು, ಅವಳ ಮುಖ ನೋಡಿ ನನಗೆ ಏನಾಯಿತೋ, ಮೈ ಜುಮ್ ಅಂತು. ಸಾಯಂಕಾಲದ ಹೊತ್ತಿಗೆ ನನಗೆ ಸಾಲಿನ ಹಿಂದೆ ಹೋಗಲು ಮನಸ್ಸೇ ಇಲ್ಲ. ಹೋದೆ ಅನ್ನಿ, ಮತ್ತೆ ವರ್ಷಗಟ್ಟಲೆ ಹೋದೆ, ಆದರೆ ಆಯಾ ಯಾವತ್ತು ರಜೆ ಹಾಕುತ್ತಾಳೋ ಅಂತ ಕಾಯುತ್ತಿದ್ದೆ, ಅವಳಿಗೊಂದು ಸಣ್ಣ ನೆಗಡಿ ಬರಲಪ್ಪಾ ಅಂತ, ಎಂಥಾ ಬುದ್ಧಿ ನೋಡಿ. ಫ್ಯಾಕ್ಟರಿ ಬೇರೆ ಊರಿಗೆ ಎದ್ದುಹೋದಾಗ ಎಲ್ಲರೂ ಗೇಟಿನ ಮುಂದೆ ಅಳುತ್ತಿದ್ದರೆ ನನ್ನ ತಲೆಯಲ್ಲಿ ಒಂದೇ ಯೋಚನೆ, ಕೇಳಿದರೆ ನಗುತ್ತಾರೆ, ನಗಲಿ, ಇವರ ಟೀ ಲೋಟ ಕೈಗೆ ಬಂದಮೇಲೆ ಹೇಳಿದೆ, ಚಿಕ್ಕ ಮಕ್ಕಳಿಗೆ ಟೀಚರಾಗ್ತೀನಿ ಅಂತ. ಇವರು ಲೋಟ ಕೆಳಗಿಟ್ಟರು. ಆಗು, ಅಂದರು.

ಕಾಲೇಜಿನಲ್ಲಿ ಜೊತೆಯವರೆಲ್ಲ ನನ್ನ ಮಗಳಿಗಿಂತ ನಾಲ್ಕು ದಿನ ದೊಡ್ಡವರು, ಮೊದಲ ದಿನ ಒಬ್ಬಳು ಎದ್ದು ನಿಂತು ಗುಡ್ ಮಾರ್ನಿಂಗ್ ಮೇಡಂ ಅಂದುಬಿಟ್ಟಳು, ಉಳಿದವರೂ ಎದ್ದರು, ಕೂತ್ಕೊಳ್ರೇ ಕೂತ್ಕೊಳ್ಳಿ, ನಾನೂ ನಿಮ್ಮ ಥರಾನೇ ಅಂತ ಕೊನೇ ಬೆಂಚಿಗೆ ಹೋದರೆ ಕಿಸಕ್ಕನೆ ನಗು, ಆಮೇಲೆ ಆಂಟಿ ಅಂತಲೇ ಹೆಸರಾಯಿತು. ಮಗಳಿಗೆ ಹಬ್ಬವೋ ಹಬ್ಬ, ಅಮ್ಮಾ ನಿಂಗೂ ಹೋಮ್‌ವರ್ಕಾ, ಮುಗಿಸ್ದೆ ಫೋನ್ ಮುಟ್ಟಿದ್ರೆ ನೋಡು ಅಂತ ನನ್ನದೇ ಮಾತು ನನಗೇ ತಿರುಗಿಸುತ್ತಿದ್ದಳು. ಓದಿದೆ, ಪರೀಕ್ಷೆ ಬರೆದೆ, ಅದೆಲ್ಲ ಹೇಗೋ ಆಯಿತು, ಆದರೆ ಮೊದಲ ಶಾಲೆಯಲ್ಲಿ ಪಾಠ ನೋಡಲು ಬಂದ ಕನ್ನಡಕದ ಮೇಡಂ ಕೊನೆಗೆ ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇವತ್ತಿಗೂ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಇದೆ, ನೋಡೀಮ್ಮಾ, ನಿಮಗೆ ತಪ್ಪು ಕಾಣುತ್ತೆ, ಮಗು ಕಾಣಲ್ಲ. ಸಿಟ್ಟು ಬಂತು, ಬಸ್ಸಿನಲ್ಲಿ ಅತ್ತುಕೊಂಡೇ ಬಂದೆ, ಕಂಡಕ್ಟರ್ ಟಿಕೆಟ್ ಕೂಡ ಕೇಳದೆ ಮುಂದೆ ಹೋದ, ಇವಳು ಯಾರು ಹೇಳೋಕೆ, ಮಕ್ಕಳ ಕೈ ಹಿಡಿದು ನಿಂತವಳು ನಾನು, ಉಗುರು ಮೂಡಿಸಿಕೊಂಡವಳು ನಾನು — ಮನೆಗೆ ಬಂದು ಮಗಳು ಬಿಡಿಸಿದ ಚಿತ್ರ ಗೋಡೆಯ ಮೇಲೆ ನೋಡಿದೆ, ಎಷ್ಟೋ ವರ್ಷದ ಹಳೆಯದು, ನನ್ನ ಕಣ್ಣು ನೆಟ್ಟಗೆ ಹೋಗಿದ್ದು ಅದರಲ್ಲಿ ಆರು ಬೆರಳಿದ್ದ ಕೈಗೆ. ಹೌದಲ್ಲ ಅಂತ ಅನ್ನಿಸಿ ಅಲ್ಲೇ ಕೂತುಬಿಟ್ಟೆ.

ಅಷ್ಟಾದರೂ ಬುದ್ಧಿ ಬಂತಾ, ಎಲ್ಲಿ ಬಂತು. ಈ ಶಾಲೆಗೆ ಬಂದ ಮೊದಲ ವಾರವೇ ಘನಕಾರ್ಯ ಮಾಡಿದೆ. ಕೆಂಪು ಶಾಯಿಯಲ್ಲಿ ತಪ್ಪು ಹಾಕಬೇಡಿ, ಮಕ್ಕಳು ಹೆದರ್ತಾರೆ ಅಂತ ದೊಡ್ಡ ಟೀಚರ್ ಹೇಳಿದ್ದರು, ಚೀಲದ ತಳದಲ್ಲಿ ಫ್ಯಾಕ್ಟರಿಯ ಬಾಣದ ಸುರುಳಿ ಸಿಕ್ಕಿತು, ಆಹಾ, ಇದೇ ಸರಿ, ಶಾಯಿಯೂ ಅಲ್ಲ ಬೈಗುಳವೂ ಅಲ್ಲ, ಎಲ್ಲಿ ತಪ್ಪಾಗಿದೆಯೋ ಅಲ್ಲೊಂದು ಬಾಣ, ಮಗು ತಾನೇ ನೋಡಿ ತಿದ್ದಿಕೊಳ್ಳಲಿ. ಲೆಕ್ಕದ ಹಾಳೆಗಳಿಗೆಲ್ಲ ಅಂಟಿಸಿ ಕೊಟ್ಟೆ. ಅಯ್ಯೋ ನನ್ನ ಕರ್ಮವೇ, ಅವಕ್ಕೆ ಅದು ಸ್ಟಿಕ್ಕರು! ಅಂಟಿಸಿಕೊಳ್ಳುವ ಸ್ಟಿಕ್ಕರು, ಕೆಂಪು, ಹೊಳೆಯುವುದು ಬೇರೆ. ನನಗೆ ಮೂರು ನನಗೆ ನಾಲ್ಕು ಅಂತ ಕುಣಿದವು, ಹಣೆಗೆ ಅಂಟಿಸಿಕೊಂಡವು, ಎಲ್ಲ ಸರಿ ಮಾಡಿದ ಮಕ್ಕಳು ಖಾಲಿ ಹಾಳೆ ನೋಡಿಕೊಂಡು ಪೆಚ್ಚಾಗಿ ಕೂತವು. ಮಾರನೇ ದಿನ ಎರಡು ಮತ್ತು ಎರಡು ಒಂಬತ್ತು. ಅದರ ಮಾರನೇ ದಿನ ಒಬ್ಬಳ ಹಾಳೆ ಬಿಟ್ಟರೆ ಇಡೀ ತರಗತಿಯಲ್ಲಿ ಒಂದೇ ಒಂದು ಸರಿ ಉತ್ತರ ಇಲ್ಲ, ಹಲ್ಲು ಬಿದ್ದ ಒಬ್ಬ ಪೋರ ಲೆಕ್ಕದ ಜಾಗದಲ್ಲಿ ಕೋಳಿ ಬರೆದಿದ್ದ, ಜಾಸ್ತಿ ಬಾಣ ಬರಲಿ ಅಂತ. ದೊಡ್ಡ ಟೀಚರ್ ಹಾಳೆಗಳನ್ನು ಹಿಡಿದುಕೊಂಡು ಬಂದರು, ಏನ್ರೀ ಇದು, ನೀವು ಬಂದ್ಮೇಲೆ ನನ್ನ ಕ್ಲಾಸಿಗೆ ಕ್ಲಾಸೇ ದಡ್ಡರಾಗ್ಬಿಟ್ರಲ್ರೀ! ಬೈಯಲು ಶುರು ಮಾಡಿದವರು ಕೋಳಿ ನೋಡಿ ನಕ್ಕುಬಿಟ್ಟರು, ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡರು, ಆಮೇಲೆ ಕಣ್ಣೊರೆಸಿಕೊಂಡು ಸುರುಳಿ ಕಿತ್ತು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬಾಣ ನಿಂತಿತು, ತಪ್ಪೂ ಮೆಲ್ಲಮೆಲ್ಲಗೆ ನಿಂತಿತು, ಈಗ ತಪ್ಪಾದ ಮಗುವಿನ ಹತ್ತಿರ ನಾನೇ ಹೋಗುತ್ತೇನೆ, ನೆಲದ ಮೇಲೆ ಪಕ್ಕದಲ್ಲಿ ಕೂತು ಗುಂಡಿ ಜೋಡಿಸಿ, ಎಲ್ಲಿ, ಇನ್ನೊಂದು ಸಲ ನೋಡೋಣ ಬಾ ಅನ್ನುತ್ತೇನೆ, ಇದನ್ನು ಮಾಡುವಾಗ ನಾನು ನಿಜವಾಗಿ ಟೀಚರು ಅಂತ ನನಗೇ ಅನ್ನಿಸುತ್ತದೆ. ಎಲ್ಲರೂ ದಾರಿಗೆ ಬಂದರು, ಒಬ್ಬಳನ್ನು ಬಿಟ್ಟು. ಅವಳನ್ನು ಮಕ್ಕಳು ಸರಿಯಮ್ಮ ಅಂತ ರೇಗಿಸುತ್ತಿದ್ದರು, ನಾನು ಬರುವ ಮುಂಚಿನಿಂದಲೂ, ಯಾಕೆಂದರೆ ಅವಳದ್ದು ಯಾವತ್ತೂ ಎಲ್ಲವೂ ಸರಿ, ಕೊನೇ ಸಾಲು, ಎರಡು ಜಡೆ, ಮಾತಿಲ್ಲ ಕತೆಯಿಲ್ಲ, ಬರೆದು ಮುಗಿಸಿ ಕೈ ಕಟ್ಟಿ ಕೂರುವ ಹುಡುಗಿ. ಅಂಥವಳು ತಪ್ಪು ಮಾಡಲು ಶುರು ಮಾಡಿದಳು, ದಿನಾ ಒಂದು, ಆಮೇಲೆ ಎರಡು, ನಾನು ಪಕ್ಕ ಕೂತು ಹೇಳಿಕೊಟ್ಟರೆ ಆಗ ಸರಿ, ಮಾರನೇ ದಿನ ಮತ್ತೆ ತಪ್ಪು, ದೊಡ್ಡ ಟೀಚರ್ ಈ ಸಲ ನಗಲಿಲ್ಲ, ಚೆನ್ನಾಗಿದ್ದ ಹುಡುಗಿ ಕಣ್ರೀ, ಏನೋ ಗೊಂದಲ ಆಗಿದೆ ಅವಳಿಗೆ. ಗೊಂದಲ ಅಲ್ಲ, ನಾನು, ನಾನೇ ಆಗಿದ್ದು ಅವಳಿಗೆ ಅಂತ ನನಗೆ ಊಟ ಸೇರಲಿಲ್ಲ, ಹೋದಲ್ಲೆಲ್ಲ ನಾನು ಬಂದೆ ಹೋದೆ, ಯಾರಿಗೂ ಏನೂ ಆಗಲಿಲ್ಲ, ಇಲ್ಲಿ ಒಂದು ಮಗು ಕೆಡುತ್ತಿದೆ, ಇವರ ಮುಂದೆ ಹೇಳಿಕೊಂಡೆ, ನನಗಿದು ಆಗೋ ಕೆಲಸ ಅಲ್ವೇನೋ ಅಂತ. ಇವರು ಅಂದರು, ಗಾಡಿ ಶಬ್ದ ಮಾಡ್ತಿದ್ರೆ ಡ್ರೈವರ್ ಹೇಳಿದ್ದನ್ನ ನಂಬಬೇಡ, ನೀನೇ ಕೆಳಗಿಳಿದು ನೋಡು. ಇವರಿಗೆ ಎಲ್ಲದಕ್ಕೂ ಬಸ್ಸೇ.

ನೋಡಿದೆ, ಇವತ್ತು ನೋಡಿದೆ, ಇದೀಗ, ಪಾಠ ಮುಗಿಯಲು ಸ್ವಲ್ಪ ಹೊತ್ತಿದ್ದಾಗ. ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಹೋಯಿತು, ಏಳು ಗುಂಡಿ ಈ ಕಡೆ, ಐದು ಗುಂಡಿ ಆ ಕಡೆ, ಎರಡೂ ಸೇರಿದರೆ ಎಷ್ಟಪ್ಪಾ, ಹಲ್ಲು ಬಿದ್ದ ಪೋರನೂ ಕೋಳಿಯ ಗೋಜಿಗೆ ಹೋಗದೆ ಕೈ ಎತ್ತಿದ, ಕನ್ನಡಕದ ಮೇಡಂ ಹಿಂದಿನ ಗೋಡೆಗೆ ಒತ್ತಿ ಪುಟ್ಟ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದರು. ಈಗ ನೀವೇ ಮಾಡಿ ಅಂತ ಹಾಳೆ ಹಂಚಿದೆ, ಇನ್ನು ಉಳಿದಿದ್ದು ಕೊನೇ ಭಾಗ, ಇವತ್ತು ಏನು ಕಲಿತೆವು ಅಂತ ಎಲ್ಲರನ್ನೂ ಸೇರಿಸಿ ಹೇಳಿಸುವುದು, ಅದನ್ನು ಬಿಟ್ಟರೆ ಪಾಠ ಅರ್ಧ ಅಂತ ಕಾಲೇಜಿನಲ್ಲಿ ತಲೆಗೆ ತುಂಬಿದ್ದಾರೆ, ಮುಂದೆ ನಿಲ್ಲಿ, ಎಲ್ಲರಿಗೂ ಕಾಣೋ ಹಾಗೆ ನಿಲ್ಲಿ, ಅದನ್ನೂ ತುಂಬಿದ್ದಾರೆ, ಆದರೆ ಕಾಲು ಕೇಳಬೇಕಲ್ಲ, ಮಕ್ಕಳು ತಲೆ ಬಗ್ಗಿಸಿ ಬರೆಯಲು ಶುರು ಮಾಡಿದ್ದೇ ತಡ ನಾನು ಸಾಲಿನ ಹಿಂದೆ, ಒಬ್ಬೊಬ್ಬರ ಭುಜದ ಮೇಲಿಂದ. ಸರಿಯಮ್ಮನ ಹಿಂದೆ ನಿಂತೆ, ಅವಳಿಗೆ ಗೊತ್ತಿಲ್ಲ, ಅವಳು ಗುಂಡಿ ಮುಟ್ಟಲೂ ಇಲ್ಲ, ಸರಸರ ಹನ್ನೆರಡು ಅಂತ ಬರೆದಳು, ನನ್ನ ಉಸಿರು ಸಲೀಸಾಯಿತು, ಸದ್ಯ, ಬಂತು ಹುಡುಗಿಗೆ. ಅವಳು ತಲೆ ಎತ್ತಿ ಮುಂದೆ ನೋಡಿದಳು, ಕರಿಹಲಗೆಯ ಹತ್ತಿರ, ನಾನು ಇರಬೇಕಾದ ಕಡೆ, ನಾನಿಲ್ಲ, ಮತ್ತೆ ತಲೆ ಬಗ್ಗಿಸಿ ರಬ್ಬರು ತೆಗೆದುಕೊಂಡಳು. ಹನ್ನೆರಡನ್ನು ಉಜ್ಜಿ ಉಜ್ಜಿ ಅಳಿಸಿದಳು, ಬಾಯಿಂದ ಉಫ್ ಅಂತ ಊದಿದಳು, ನೀಟಾಗಿ ಹನ್ನೊಂದು ಬರೆದಳು. ಕೈ ಎತ್ತಿದಳು.

ಅಲ್ಲೇ ನೆಲದ ಮೇಲೆ ಕೂತೆ, ಅವಳು ಬೆಚ್ಚಿ ತಿರುಗಿದಳು. ಯಾಕೆ ಪುಟ್ಟೀ ಅಳಿಸ್ದೆ, ಸರಿ ಇತ್ತಲ್ಲ. ನಾನು ಬೈಯಲ್ಲ, ಹೇಳು. ಹಾಳೆಯ ಮೇಲಿನ ರಬ್ಬರಿನ ಪುಡಿಯನ್ನು ಬೆರಳಲ್ಲಿ ಒಟ್ಟುಮಾಡುತ್ತಾ ಹೇಳಿದಳು, ಎಷ್ಟು ಮೆಲ್ಲಗೆ ಅಂದರೆ ನಾನು ಕಿವಿ ಹತ್ತಿರ ತರಬೇಕಾಯಿತು, ತಪ್ಪಾದ್ರೆ ನೀವು ಬರ್ತೀರ. ಸರಿ ಇದ್ರೆ? ಸರಿ ಇದ್ರೆ ರೈಟ್ ಹಾಕಿ ಹೋಗ್ತೀರ. ಅಷ್ಟೇ ಅವಳು ಹೇಳಿದ್ದು. ದೇವರೇ, ಎಷ್ಟು ಸಾವಿರ ಅಂಗಿ ನನ್ನ ಕೈ ದಾಟಿ ಹೋದವು, ಚೆನ್ನಾಗಿ ಹೊಲಿದ ಒಂದರ ಮೇಲಾದರೂ ನನ್ನ ಬೆರಳು ಒಂದು ಕ್ಷಣ ನಿಂತಿತ್ತಾ, ಸೊಟ್ಟ ಇದ್ದುದನ್ನೇ ತಿರುವಿ ಮುರುವಿ ಬೆಳಕಿಗೆ ಹಿಡಿದು ನೋಡಿದ್ದು, ಅದೇ ಕೈಯಲ್ಲಿ ಇಲ್ಲಿಗೆ ಬಂದೆ, ಇವಳು ಆರು ವರ್ಷದವಳು, ಅಂದಾಜು ಮಾಡಿ ಕಂಡುಹಿಡಿದಿದ್ದಾಳೆ, ಈ ಟೀಚರ್ ಪಕ್ಕದಲ್ಲಿ ಕೂರಬೇಕಾದರೆ ಏನು ಕೊಡಬೇಕು ಅಂತ. ನನಗೆ ಅಳು ಬಂತು, ನುಂಗಿದೆ, ಮುಂದೆ ಕೊನೇ ಭಾಗ ಕಾಯುತ್ತಿದೆ, ಗಂಟೆ ಹೊಡೆಯಲು ಸಮಯವಾಯಿತು, ಹಿಂದಿನ ಗೋಡೆಯ ಹತ್ತಿರ ಮೇಡಂ ಪೆನ್ನು ಬರೆಯದೆ ನಿಂತಿದೆ ಅನ್ನುವುದು ಬೆನ್ನಿಗೇ ಗೊತ್ತಾಗುತ್ತಿದೆ, ಏಳಬೇಕು, ಎದ್ದು ಮುಂದೆ ಹೋಗಬೇಕು, ಏಳಲಿಲ್ಲ. ಇನ್ಮೇಲೆ ಸರಿ ಬರೆದ್ರೂ ಬರ್ತೀನಿ ಕಣೇ, ಅಂದೆ, ಬಂದು ಪಕ್ಕದಲ್ಲಿ ಕೂತ್ಕೋತೀನಿ, ಹೇಗೆ ಮಾಡ್ದೆ ಅಂತ ನೀನು ನಂಗೆ ಹೇಳ್ಬೇಕು. ಅವಳು ಮೊದಲ ಸಲ ನನ್ನ ಮುಖ ನೋಡಿದಳು. ದಿನಾನಾ? ದಿನಾ. ಗಂಟೆ ಹೊಡೆಯಿತು. ಕೊನೇ ಭಾಗ ಹೋಯಿತು, ಪಾಠ ಅರ್ಧಕ್ಕೇ ನಿಂತಿತು, ಕನ್ನಡಕದ ಮೇಡಂ ಪುಸ್ತಕ ಮುಚ್ಚಿ ಎದ್ದು ಹೋದರು, ಅವರ ಮುಖದಲ್ಲಿ ಏನಿತ್ತೋ ನನಗೆ ಓದಲು ಬರಲಿಲ್ಲ.

ಒಳಗೆ ಮಾತು ನಿಂತಿದೆ. ಮಾತು ನಿಲ್ಲುವುದು ಒಳ್ಳೆಯದೋ ಕೆಟ್ಟದ್ದೋ, ಕೂತಿರಲಾಗದೆ ಎದ್ದು ಹಿಂದಿನ ಕಿಟಕಿಯಲ್ಲಿ ಇಣುಕುತ್ತೇನೆ, ಸಾಲು ಸಾಲು ಪುಟ್ಟ ಬೆನ್ನುಗಳು, ಆಯಮ್ಮ ಆಕಳಿಸುತ್ತಿದ್ದಾರೆ, ಕೊನೇ ಸಾಲಿನಲ್ಲಿ ಎರಡು ಜಡೆ, ಬರೆಯುತ್ತಿದೆ, ನಿಲ್ಲಿಸಿ ತಲೆ ಎತ್ತಿ ಬಾಗಿಲು ನೋಡುತ್ತದೆ, ಮತ್ತೆ ಬರೆಯುತ್ತದೆ. ಬನ್ನೀಮ್ಮಾ ಒಳಗೆ, ಕನ್ನಡಕದ ಮೇಡಂ ದನಿ. ಹೋದೆ, ಕೂತೆ, ಈ ಸಲ ದೊಡ್ಡವರ ಕುರ್ಚಿ. ಪಾಠದ ಕೊನೆ ಕೈಬಿಟ್ರಿ, ಮೇಡಂ ಅಂದರು, ಅದಕ್ಕೆ ಅಂಕ ಕೊಡೋಕಾಗಲ್ಲ, ನಿಮಗೂ ಗೊತ್ತು. ಗೊತ್ತು ಮೇಡಂ. ಆ ಹುಡುಗಿ ಅಳಿಸಿದ್ದು ನಾನೂ ನೋಡಿದೆ, ಅಂದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, ಹೋದ ಸಲದ ನೀವಾಗಿದ್ರೆ ಹನ್ನೊಂದನ್ನ ನೋಡಿ ಮುಂದಕ್ಕೆ ಹೋಗ್ತಿದ್ರಿ. ಆಮೇಲೆ ಕನ್ನಡಕ ಹಾಕಿಕೊಂಡು, ಪಾಸ್ ಮಾಡಿದೀನಿ, ಚೆನ್ನಾಗೇ ಮಾಡಿದೀನಿ, ಅಂದರು. ದೊಡ್ಡ ಟೀಚರ್ ನನ್ನ ಬೆನ್ನಿಗೆ ಗುದ್ದಿದರು, ಬಗ್ರೀ ಸ್ವಲ್ಪ, ತಬ್ಕೊಳ್ಳೋಕೂ ಕೈಗೆ ಸಿಗಲ್ಲ ನೀವು, ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಆಯಿತು, ಆಗಿಹೋಯಿತು, ಟೀಚರಾದೆ, ಇವರಿಗೆ ಹೇಳಬೇಕು, ಅಮ್ಮನಿಗೆ, ಮಗಳಿಗೆ, ಅಣ್ಣನಿಗೆ ಮಾತ್ರ ಅವನು ಊಟಕ್ಕೆ ಕೂತಾಗ — ಸೋಮವಾರದಿಂದ ಬೇರೆ ಶಾಲೆಗೆ ಹಾಕಿದಾರೆ ನಿಮ್ಮನ್ನ, ಮೇಡಂ ಹೇಳುತ್ತಿದ್ದಾರೆ, ಒಂದನೇ ತರಗತಿನೇ, ಟೀಚರ್ ಇಲ್ದೆ ಕಾಯ್ತಾ ಇದಾರೆ ಅಲ್ಲಿ, ಇವತ್ತಿಗೆ ನಿಮ್ಮ ಇಲ್ಲಿನ ಕೆಲಸ ಮುಗೀತು. ಹೌದಲ್ಲ. ಪಾಸಾದರೆ ಇಲ್ಲಿಂದ ಹೋಗುವುದು ಅಂತ ಮೊದಲ ದಿನವೇ ಹೇಳಿದ್ದರು, ನನ್ನ ತಲೆಯಲ್ಲಿ ಫೇಲಾಗುವುದೊಂದೇ ತುಂಬಿತ್ತು. ಮಕ್ಕಳಿಗೆ ಹೇಳ್ಬಿಟ್ಟು ಬರ್ತೀನಿ, ಅಂದೆ. ಬೇಡಾರೀ, ದೊಡ್ಡ ಟೀಚರ್ ಕೈ ಹಿಡಿದುಕೊಂಡರು, ಈಗ ಹೋದ್ರೆ ಎಲ್ಲ ರಾಗ ತೆಗೀತಾವೆ, ಸಂಜೆತನಕ ಸಮಾಧಾನ ಮಾಡೋಕಾಗಲ್ಲ, ಹೋದ ವರ್ಷ ಹೀಗೇ ಆಗಿತ್ತು, ನಾಳೆ ನಾನೇ ನಿಧಾನಕ್ಕೆ ಹೇಳ್ತೀನಿ, ನೀವು ಸುಮ್ನೆ ಹೊರಟುಬಿಡಿ. ಸರಿಯಾದ ಮಾತೇ, ಅನುಭವಸ್ಥರು, ತಲೆ ಆಡಿಸಿದೆ, ಇಬ್ಬರಿಗೂ ಕೈ ಮುಗಿದೆ.

ಹೊರಗೆ ಬಂದೆ, ಚೀಲ ಬೆಂಚಿನ ಮೇಲಿದೆ, ಹೆಗಲಿಗೆ ಹಾಕುತ್ತೇನೆ, ಹೊರಡುವುದು ನನಗೇನು ಹೊಸದಲ್ಲ, ನಾಲ್ಕು ಹೆಜ್ಜೆ, ಗೇಟು, ಬಸ್ಸು, ಆದರೆ ಗೇಟಿಗೆ ಹೋಗಬೇಕಾದರೆ ತರಗತಿಯ ಬಾಗಿಲ ಮುಂದೆಯೇ ಹಾಯಬೇಕು, ತೆರೆದ ಬಾಗಿಲು, ಹಾಯ್ದರೆ ಕಾಣುತ್ತೇನೆ, ನಿಲ್ಲದೆ ಹೋದದ್ದು ಕಾಣುತ್ತದೆ, ನಿಂತರೆ ಏನು ಹೇಳಲಿ, ದಿನಾ ಅಂದಿದ್ದೆ, ಯಾಕೆ ಅಂದೆ, ಇವತ್ತು ಅನ್ನಬಹುದಿತ್ತು, ಒಂದು ಸಲ ಅನ್ನಬಹುದಿ — ಎಲ್ಲಿಂದ ಬಿಟ್ಟು ಬಂದಾಗಲೂ ತಿರುಗಿ ನೋಡಿದವಳಲ್ಲ, ಕಿಟಕಿಯ ಸರಳು ಹಿಡಿದು ನಿಂತಿದ್ದೇನೆ, ಎರಡು ಜಡೆ, ಬರೆಯುತ್ತಿದ್ದಾಳೆ, ಮುಗಿಯಿತು, ಇಲ್ಲಿಂದಲೇ ಕಾಣುತ್ತದೆ, ಮೇಲಿನಿಂದ ಕೆಳಗಿನವರೆಗೆ ಎಲ್ಲವೂ ಸರಿ, ರಬ್ಬರು ಪಕ್ಕದಲ್ಲೇ ಇದೆ, ಮುಟ್ಟಲಿಲ್ಲ, ಪೆನ್ಸಿಲು ಕೆಳಗಿಟ್ಟಳು, ಹಾಳೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಮಾಡಿ ಮುಂದಿಟ್ಟುಕೊಂಡಳು, ಪಕ್ಕದಲ್ಲಿ ನೆಲದ ಮೇಲೆ ಇದ್ದ ಗುಂಡಿಗಳನ್ನು ಒತ್ತಟ್ಟಿಗೆ ಸರಿಸಿದಳು, ಒಬ್ಬರು ಕೂರುವಷ್ಟು ಜಾಗ, ನನ್ನಷ್ಟು ದೊಡ್ಡವರು ಕೂರುವಷ್ಟು, ತಲೆ ಎತ್ತಿದಳು, ಬಾಗಿಲು ನೋಡುತ್ತಿದ್ದಾಳೆ, ಹೋಗಬೇಕು, ಹೋಗಬಾರದು, ಬಸ್ಸಿಗೆ ಹೊತ್ತಾಯಿತು, ಎಲ್ಲವೂ ಸರಿ ಬರೆದಿದ್ದಾಳೆ, ಕೈ ಎತ್ತಿಲ್ಲ, ಕರೆಯುತ್ತಿಲ್ಲ, ಬಾಗಿಲು ನೋಡುತ್ತಿದ್ದಾಳೆ, ಪಕ್ಕದಲ್ಲಿ ಜಾಗ ಬಿಟ್ಟುಕೊಂಡು, ಬಾಗಿಲು ನೋಡುತ್ತಿದ್ದಾಳೆ.